ಸ್ಟಂಪ್ ಹಿಂದೆ ನಿಂತವನಿಗೆ ಮಾತ್ರ ಗೊತ್ತಿರುವುದು

ಕ್ಲಬ್ ಕ್ರಿಕೆಟ್ ಆಡುವ ಮಕ್ಕಳು, ಅವರ ಕೋಚ್‌ಗಳು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳಿವು. ಆಮೇಲೆ ಕೆಲವರು ಬರೆದು ಕೊಡಿ ಅಂದರು. ಹೆಚ್ಚುಕಡಿಮೆ ಆಡಿದ ಹಾಗೆಯೇ ಬರೆದಿದ್ದೇನೆ. ಬರೆಯುವಾಗ ನೆನಪಾದ ಒಂದೆರಡು ವಿಷಯ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಮೊದಲು ನನ್ನ ಎಡಗೈ ಕಿರುಬೆರಳು ನೋಡಿ. ಅದು ನೆಟ್ಟಗಾಗುವುದಿಲ್ಲ. ಬಲಗೈ ಉಂಗುರ ಬೆರಳಿನ ಗೆಣ್ಣು ದಪ್ಪಗಿದೆ, ಚಳಿ ಬಂದರೆ ನೋಯುತ್ತದೆ. 21 ಸೀಸನ್ ಸ್ಟಂಪ್ ಹಿಂದೆ ಬಾಲ್ ಹಿಡಿಯುವ ಕೀಪಿಂಗ್ ಮಾಡಿ ಉಳಿದದ್ದು ಇಷ್ಟೇನಾ ಅಂತ ಮನೆಯವರು ಕೇಳುತ್ತಾರೆ. ಇಷ್ಟೇ ಅಲ್ಲ. ಉಳಿದದ್ದು ತುಂಬಾ ಇದೆ. ಅದನ್ನೇ ಹೇಳೋಣ ಅಂತ ಬಂದಿದ್ದೇನೆ.

ನಾನು ಆಡಿದ್ದು ಕ್ಲಬ್ ಕ್ರಿಕೆಟ್ ಮಾತ್ರ. ವಾರವೆಲ್ಲ ಕೆಲಸ, ರಜೆ ದಿನ ಮ್ಯಾಚ್. ನಮ್ಮ ಮ್ಯಾಚ್‌ಗೆ ಕ್ಯಾಮೆರಾ ಇರಲಿಲ್ಲ, ರೀಪ್ಲೇ ಇರಲಿಲ್ಲ. ಎಷ್ಟೋ ಸಲ ಸ್ಕ್ವೇರ್ ಲೆಗ್‌ನಲ್ಲಿ ಅಂಪೈರ್ ಆಗಿ ನಿಂತವನು ಬ್ಯಾಟಿಂಗ್ ಟೀಮಿನ ಹುಡುಗನೇ ಆಗಿರುತ್ತಿದ್ದ. ಬಾಲ್ ಬ್ಯಾಟ್‌ಗೆ ತಾಗಿತಾ, ನೆಲಕ್ಕೆ ಬಿತ್ತಾ, ಸ್ಟಂಪ್ ಮೇಲಿಡುವ ಮರದ ತುಂಡು, ಅಂದರೆ ಬೇಲ್, ಹಾರಿದಾಗ ಬಾಲ್ ಕೈಯಲ್ಲಿತ್ತಾ? ಇದೆಲ್ಲ ಮೈದಾನದಲ್ಲಿ ಖಚಿತವಾಗಿ ಗೊತ್ತಿರುತ್ತಿದ್ದದ್ದು ಒಬ್ಬನಿಗೆ ಮಾತ್ರ. ಅವನೇ ಕೀಪರ್. ನನ್ನ ಪ್ರಕಾರ ಕ್ಲಬ್ ಕ್ರಿಕೆಟ್‌ನಲ್ಲಿ ಕೀಪರ್ ಮೊದಲು ಸಾಕ್ಷಿ, ಆಮೇಲೆ ಆಟಗಾರ. ಇದು ನನ್ನ ತಲೆಗೆ ಹೋಗಲು ಬಹಳ ವರ್ಷ ಹಿಡಿಯಿತು. ಒಂದು ತಪ್ಪನ್ನೂ ಮಾಡಬೇಕಾಯಿತು. ಆ ತಪ್ಪಿನ ವಿಷಯಕ್ಕೆ ಆಮೇಲೆ ಬರುತ್ತೇನೆ.

ನಾನು ಕೀಪರ್ ಆದದ್ದು ನಿಮ್ಮಲ್ಲಿ ಅನೇಕರು ಆದ ಹಾಗೆಯೇ. ಅವತ್ತು ಕೀಪರ್ ಬಂದಿರಲಿಲ್ಲ. "ಬೌಲಿಂಗ್ ಮಾಡದವರು ಯಾರ್ಯಾರು?" ಅಂತ ಕ್ಯಾಪ್ಟನ್ ಕೇಳಿದರು. ನಾನು ಕೈ ಎತ್ತಿದೆ. ಆಗ ನನಗೆ 16 ವರ್ಷ. ಕಿಟ್ ಬ್ಯಾಗಿನಲ್ಲಿದ್ದ ಗ್ಲೌಸ್ ನನ್ನ ಕೈಗೆ ದೊಡ್ಡದು. ಒಳಗೆ ಇನ್ನರ್ಸ್ ಅನ್ನುವ ತೆಳು ಗ್ಲೌಸ್ ಹಾಕಿಕೊಳ್ಳಬೇಕು ಅಂತಲೇ ಗೊತ್ತಿರಲಿಲ್ಲ. ಮೂರನೇ ಓವರ್‌ಗೆ ಕ್ಯಾಪ್ಟನ್ ನನ್ನ ಹಿಂದೆ ಬೌಂಡರಿ ಹತ್ತಿರ ಒಬ್ಬನನ್ನು ನಿಲ್ಲಿಸಿದರು. ಹಳೆಯ ಕಾಲದಲ್ಲಿ ಆ ಜಾಗಕ್ಕೆ ಲಾಂಗ್ ಸ್ಟಾಪ್ ಅಂತ ಹೆಸರಿತ್ತು. ಪ್ರತಿ ಟೀಮಿಗೂ ಅಲ್ಲೊಬ್ಬ ಫೀಲ್ಡರ್ ಬೇಕೇ ಬೇಕಿತ್ತು. 1877ರಲ್ಲಿ ನಡೆದ ಮೊದಲ ಟೆಸ್ಟ್‌ನಲ್ಲಿ ಆಸ್ಟ್ರೇಲಿಯಾ ಪರ ಕೀಪಿಂಗ್ ಮಾಡಿದ ಜ್ಯಾಕ್ ಬ್ಲ್ಯಾಕ್‌ಹ್ಯಾಮ್ ಫಾಸ್ಟ್ ಬೌಲರ್‌ಗಳಿಗೂ ಸ್ಟಂಪ್ ಪಕ್ಕದಲ್ಲೇ ನಿಲ್ಲುತ್ತಿದ್ದರು. ಅಂಥವರು ಬಂದ ಮೇಲೆ ಲಾಂಗ್ ಸ್ಟಾಪ್ ಮೆಲ್ಲಗೆ ಮಾಯವಾಯಿತು. ಆಗಿನ ಗ್ಲೌಸ್ ಎಷ್ಟು ತೆಳುವಾಗಿದ್ದವು ಗೊತ್ತಾ? ನನಗೆ ಮಾತ್ರ ಅವತ್ತು ಲಾಂಗ್ ಸ್ಟಾಪ್ ಬೇಕಾಯಿತು. ಮ್ಯಾಚ್ ಮುಗಿಯುವ ಹೊತ್ತಿಗೆ ಎರಡೂ ಅಂಗೈ ಊದಿಕೊಂಡು ಪೆನ್ನು ಹಿಡಿಯಲು ಆಗುತ್ತಿರಲಿಲ್ಲ. ಬೈಸ್, ಅಂದರೆ ಬ್ಯಾಟ್‌ಗೆ ತಾಗದೆ ನನ್ನನ್ನು ದಾಟಿ ಹೋದ ಬಾಲ್‌ಗಳಿಗೆ ಬಂದ ರನ್, 19. ಆ ಅಂಕಿ ಇವತ್ತಿಗೂ ನೆನಪಿದೆ.

ಸ್ಕೋರ್ ಬುಕ್ ವಿಷಯದಲ್ಲಿ ನನಗೆ ಮೊದಲಿನಿಂದಲೂ ಒಂದು ನೋವಿದೆ. ಕ್ಯಾಚ್ ಬರೆಯುತ್ತಾರೆ, ಗೆರೆ ಬಿಟ್ಟು ಮುಂದೆ ಬಂದವನನ್ನು ಬೇಲ್ಸ್ ಹಾರಿಸಿ ಔಟ್ ಮಾಡುವ ಸ್ಟಂಪಿಂಗ್ ಬರೆಯುತ್ತಾರೆ, ಸರಿ. ಲೆಗ್ ಸೈಡಿಗೆ, ಅಂದರೆ ಬ್ಯಾಟ್ಸ್‌ಮನ್ ಕಾಲಿನ ಕಡೆಗೆ, ಜಾರಿದ ಬಾಲನ್ನು ಹಾರಿ ತಡೆದು ಉಳಿಸಿದ 4 ರನ್ ಎಲ್ಲೂ ಬರುವುದಿಲ್ಲ. ಬಿಟ್ಟರೆ ಮಾತ್ರ ಬರುತ್ತದೆ. 40 ಓವರ್ ಅಂದರೆ 240 ಬಾಲ್. 240 ಸಲ ಕುಕ್ಕರುಗಾಲಲ್ಲಿ ಕೂತು ಏಳಬೇಕು. 239 ಸಲ ಸರಿಯಾಗಿ ಎದ್ದದ್ದನ್ನು ಯಾರೂ ನೋಡಿರುವುದಿಲ್ಲ.

ಆ ಮೊದಲ ಮ್ಯಾಚ್ ಆದ ಮುಂದಿನ ವಾರ ಕ್ಲಬ್‌ನ ಹಳೆಯ ಕೀಪರ್ ಒಬ್ಬರು ನನ್ನನ್ನು ಕರೆದರು. ನಾವೆಲ್ಲ ಅವರನ್ನು ಅಣ್ಣ ಅನ್ನುತ್ತಿದ್ದೆವು. ಅವರು ನನಗೆ ಗ್ಲೌಸ್ ಕೊಡಲೇ ಇಲ್ಲ. ಗೋಡೆಗೆ ಮುಖ ಮಾಡಿ ಕೂರಿಸಿದರು. ನನ್ನ ಹಿಂದೆ ನಿಂತು ಟೆನಿಸ್ ಬಾಲನ್ನು ಗೋಡೆಗೆ ಎಸೆಯುತ್ತಿದ್ದರು. ಎಲ್ಲಿಂದ ಪುಟಿದು ಬರುತ್ತದೋ ಗೊತ್ತಿಲ್ಲ. ಬರಿಗೈಯಲ್ಲಿ ಹಿಡಿಯಬೇಕು. ನಾನು ಕೈ ಮುಂದೆ ಚಾಚಿ ಕಿತ್ತುಕೊಳ್ಳುವ ಹಾಗೆ ಹಿಡಿಯಲು ಹೋಗುತ್ತಿದ್ದೆ. ಬಾಲ್ ಅಂಗೈಗೆ ಬಡಿದು ಹೊರಗೆ ಹೋಗುತ್ತಿತ್ತು.

"ಮೇಲೆ ಬೀಳ್ಬೇಡ ಕಣೋ," ಅಂದರು ಅಣ್ಣ. "ಅದು ನಿನ್ನ ಹತ್ರಕ್ಕೇ ಬರ್ತಿದೆ. ಬರ್ಲಿ ಬಿಡು."

ಸುಮಾರು ಒಂದು ತಿಂಗಳು ಇದೇ ಆಯಿತು. ಆಮೇಲೆ ಸ್ಟಂಪ್ ಹಿಂದೆ ಕೂರಿಸಿ ಎರಡನೇ ಪಾಠ ಹೇಳಿಕೊಟ್ಟರು. ಬಾಲ್ ಪಿಚ್ ಆಗುವವರೆಗೆ, ಅಂದರೆ ನೆಲಕ್ಕೆ ಬೀಳುವವರೆಗೆ, ಏಳಬಾರದು. ಪಿಚ್ ಆದ ಮೇಲೆ ಅದರ ಜೊತೆಗೇ ಏಳಬೇಕು. ಹೊಸ ಕೀಪರ್‌ಗಳು ಬಾಲ್ ಬೌಲರ್ ಕೈ ಬಿಟ್ಟ ಕೂಡಲೇ ಎದ್ದು ನಿಲ್ಲುತ್ತಾರೆ. ಆಗ ಕೈ ಮೇಲಿರುತ್ತದೆ, ಬಾಲ್ ಕೆಳಗೆ ಉಳಿದರೆ ಕಾಲ ಕೆಳಗೆ ಹೋಗುತ್ತದೆ. ಕೆಳಗಿಂದ ಮೇಲಕ್ಕೆ ಹೋಗುವುದು ಸುಲಭ. ಮೇಲಿಂದ ಕೆಳಕ್ಕೆ ಬರಲು ಸಮಯವೇ ಇರುವುದಿಲ್ಲ.

ಎಷ್ಟು ಸಮಯ ಅಂತ ಒಂದು ಸಲ ಲೆಕ್ಕ ಹಾಕಿ ನೋಡಿ. ಸ್ಪಿನ್ನರ್ ಬಾಲ್ ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಬರುತ್ತದೆ ಅಂದುಕೊಳ್ಳಿ. ಅಂದರೆ ಸೆಕೆಂಡಿಗೆ 22 ಮೀಟರ್. ಪಿಚ್ ಆದ ಮೇಲೆ ಸ್ವಲ್ಪ ನಿಧಾನ ಆಗುತ್ತದೆ, ಇರಲಿ. ಬ್ಯಾಟಿನಿಂದ ಗ್ಲೌಸ್‌ಗೆ ಇರುವ ದೂರ ಹೆಚ್ಚೆಂದರೆ 2 ಮೀಟರ್. ಎಡ್ಜ್ ಆದ, ಅಂದರೆ ಬ್ಯಾಟ್ ಅಂಚಿಗೆ ತಾಗಿದ, ಬಾಲ್ ನಿಮ್ಮ ಕೈಗೆ ಬರಲು ಬೇಕಾದದ್ದು ಸುಮಾರು 0.1 ಸೆಕೆಂಡ್. ಮನುಷ್ಯನ ಕಣ್ಣು ನೋಡಿ, ಅದಕ್ಕೆ ತಕ್ಕಂತೆ ಕೈ ಅಲ್ಲಾಡಲು ಸುಮಾರು 0.2 ಸೆಕೆಂಡ್ ಬೇಕು. ಅಂದರೆ ಏನಾಯಿತು? ಸ್ಟಂಪ್ ಪಕ್ಕ ನಿಂತಾಗ ಎಡ್ಜ್ ನೋಡಿ ಯಾರೂ ಕ್ಯಾಚ್ ಹಿಡಿಯುವುದಿಲ್ಲ. ಹಿಡಿಯಲು ಸಾಧ್ಯವೇ ಇಲ್ಲ. ಎಡ್ಜ್ ಆಗುವ ಮೊದಲೇ ಕೈ ಸರಿಯಾದ ಜಾಗದಲ್ಲಿ, ಮೆತ್ತಗೆ ಇದ್ದರೆ ಬಾಲ್ ಬಂದು ಕೂರುತ್ತದೆ. ಅಣ್ಣ ಹೇಳಿದ "ಬರ್ಲಿ ಬಿಡು" ಅನ್ನುವುದರ ಅರ್ಥ ಇದು. ಅವರು ಈ ಲೆಕ್ಕ ಹಾಕಿರಲಿಲ್ಲ. ಅವರ ಕೈಗೆ ಗೊತ್ತಿತ್ತು.

ಇಲ್ಲಿ ಇನ್ನೊಂದು ಮಾತು. ಧೋನಿ ನೋಡಿ ಬೆಳೆದ ಮಕ್ಕಳು ಕೈ ಹಿಂದಕ್ಕೆ ತರದೆ ನೇರ ಸ್ಟಂಪ್ ಕಡೆಗೇ ಗ್ಲೌಸ್ ತಳ್ಳುತ್ತಾರೆ. ಧೋನಿ ಹಾಗೆ ಮಾಡುತ್ತಿದ್ದರು ನಿಜ. ಸ್ಟಂಪಿಂಗ್‌ನಲ್ಲಿ ಅವರಷ್ಟು ವೇಗ ನಾನು ಬೇರೆ ಯಾರಲ್ಲೂ ನೋಡಿಲ್ಲ. ಆದರೆ ಆ ಕೈ ಎಲ್ಲರಿಗೂ ಇರುವುದಿಲ್ಲ. ಮೊದಲು ಬಾಲ್ ಜೊತೆ ಕೈಯನ್ನು ಒಂದಿಷ್ಟು ಹಿಂದಕ್ಕೆ ಬಿಡುವುದನ್ನು ಕಲಿಯಿರಿ. ವೇಗ ತಾನಾಗಿ ಬರುತ್ತದೆ.

ಸ್ಟಂಪಿಂಗ್ ಅಂದಾಗ ನನಗೆ ನಮ್ಮ ಲೆಗ್ ಸ್ಪಿನ್ನರ್ ನೆನಪಾಗುತ್ತಾನೆ. ನಾವಿಬ್ಬರೂ 11 ಸೀಸನ್ ಜೊತೆಗೆ ಆಡಿದೆವು. ಗೂಗ್ಲಿ, ಅಂದರೆ ಲೆಗ್ ಸ್ಪಿನ್‌ಗೆ ವಿರುದ್ಧ ದಿಕ್ಕಿಗೆ ತಿರುಗುವ ಬಾಲ್, ಹಾಕುವ ಮೊದಲು ಅವನು ನನಗೆ ಯಾವ ಸನ್ನೆಯನ್ನೂ ಕೊಡುತ್ತಿರಲಿಲ್ಲ. ಸನ್ನೆ ಕೊಟ್ಟರೆ ಬ್ಯಾಟ್ಸ್‌ಮನ್‌ಗೂ ಗೊತ್ತಾಗುತ್ತದೆ ಅಂತ. ಹಾಗಾಗಿ ನಾನು ಅವನ ಕೈ ನೋಡುವುದನ್ನು ಕಲಿತೆ. ಗೂಗ್ಲಿಗೆ ಅಂಗೈ ಹಿಂಭಾಗ ಬ್ಯಾಟ್ಸ್‌ಮನ್ ಕಡೆ ತಿರುಗುತ್ತದೆ. ಅದು ಕಂಡ ಕೂಡಲೇ ನನ್ನ ತೂಕ ಎಡಗಾಲಿಗೆ ಹೋಗುತ್ತಿತ್ತು.

ಒಂದು ಮ್ಯಾಚ್ ಹೇಳುತ್ತೇನೆ. ಎದುರು ಟೀಮಿನ ಒಬ್ಬ ಒಳ್ಳೆಯ ಬ್ಯಾಟ್ಸ್‌ಮನ್ 60 ದಾಟಿದ್ದ. ಬಲಗೈ ಆಟಗಾರ, ಮುಂದೆ ಬಂದು ಹೊಡೆಯುವವನು. ನಮ್ಮವನು ಮಿಡಲ್ ಸ್ಟಂಪ್ ಮೇಲೆ ಗೂಗ್ಲಿ ಹಾಕಿದ. ಎತ್ತರಕ್ಕೆ ಬಿಟ್ಟಿದ್ದ, ನಿಧಾನಕ್ಕೆ ಇಳಿಯಿತು. ಬ್ಯಾಟ್ಸ್‌ಮನ್ ಎರಡು ಹೆಜ್ಜೆ ಹೊರಗೆ ಬಂದ. ಬಾಲ್ ಪಿಚ್ ಆಗಿ ಲೆಗ್ ಕಡೆ ತಿರುಗಿತು. ಆ ಕ್ಷಣ ನನಗೆ ಬಾಲ್ ಕಾಣಲಿಲ್ಲ. ಅವನ ಮೈ ಅಡ್ಡ ಇತ್ತು. ಲೆಗ್ ಸೈಡ್ ಕೀಪಿಂಗ್ ಕಷ್ಟ ಆಗುವುದು ಇದೇ ಕಾರಣಕ್ಕೆ. ಬಾಲ್ ಒಂದು ಕಡೆ ಮರೆಯಾಗುತ್ತದೆ, ಇನ್ನೊಂದು ಕಡೆ ಕಾಣಿಸುತ್ತದೆ. ನಡುವೆ ಏನಾಯಿತು ಅಂತ ನೀವು ಊಹಿಸಿಕೊಂಡು ಅಲ್ಲಿ ಹೋಗಿ ಕಾಯುತ್ತಿರಬೇಕು. ನನ್ನ ಎಡಗಾಲು ಆಗಲೇ ಸರಿದಿತ್ತು. ಅವನ ಪ್ಯಾಡ್ ಹಿಂದಿನಿಂದ ಬಾಲ್ ಹೊರಬಂದಾಗ ಗ್ಲೌಸ್ ಅಲ್ಲೇ ಇತ್ತು. ಹಿಡಿದು ಬಲಕ್ಕೆ ತಂದೆ, ಬೇಲ್ಸ್ ಹಾರಿತು. ಅವನು ತಿರುಗಿ ಬ್ಯಾಟ್ ಚಾಚಿದ್ದ. ಬ್ಯಾಟಿನ ತುದಿ ಗೆರೆ ಮೇಲಿತ್ತು, ಒಳಗೆ ಬಂದಿರಲಿಲ್ಲ. ಗೆರೆ ಮೇಲಿದ್ದರೂ ಔಟ್. ಆ ಗೆರೆ ಫೀಲ್ಡಿಂಗ್ ಟೀಮಿಗೆ ಸೇರಿದ್ದು.

ಸ್ಟಂಪಿನಿಂದ ಆ ಗೆರೆಗೆ, ಅಂದರೆ ಕ್ರೀಸ್‌ಗೆ, ಇರುವುದು 1.22 ಮೀಟರ್. ಸ್ಪಿನ್ನರ್ ಮತ್ತು ಕೀಪರ್ ಸೇರಿ ಬದುಕುವುದು ಅಷ್ಟು ಜಾಗದಲ್ಲೇ. 1988ರ ಜನವರಿಯಲ್ಲಿ ಮದ್ರಾಸ್ ಟೆಸ್ಟ್‌ನಲ್ಲಿ ಭಾರತದ ಲೆಗ್ ಸ್ಪಿನ್ನರ್ ನರೇಂದ್ರ ಹಿರ್ವಾನಿ ತಮ್ಮ ಮೊದಲ ಮ್ಯಾಚ್‌ನಲ್ಲೇ ವೆಸ್ಟ್ ಇಂಡೀಸ್ ವಿರುದ್ಧ 16 ವಿಕೆಟ್ ತೆಗೆದರು. ಅದು ಎಲ್ಲರಿಗೂ ನೆನಪಿದೆ. ಅದೇ ಮ್ಯಾಚ್‌ನಲ್ಲಿ ಭಾರತದ ಕೀಪರ್ ಕಿರಣ್ ಮೋರೆ 6 ಸ್ಟಂಪಿಂಗ್ ಮಾಡಿದರು. ಅದರಲ್ಲಿ 5 ಒಂದೇ ಇನ್ನಿಂಗ್ಸ್‌ನಲ್ಲಿ. ಹಿರ್ವಾನಿ ಹೆಸರು ಹೇಳುವಾಗ ಮೋರೆ ಹೆಸರನ್ನೂ ಹೇಳಿ ಅಂತ ನಾನು ಎಲ್ಲರನ್ನೂ ಕೇಳಿಕೊಳ್ಳುತ್ತೇನೆ.

ಹಾಗಂತ ನನ್ನ ಸ್ಟಂಪಿಂಗ್ ಎಲ್ಲ ಸರಿಯಾಗಿಯೇ ಆಗಿತ್ತು ಅಂದುಕೊಳ್ಳಬೇಡಿ. ಒಂದು ಫೈನಲ್‌ನಲ್ಲಿ ಆತುರಕ್ಕೆ ಸ್ಟಂಪ್ ಮುಂದೆ ಕೈ ಹೋಯಿತು. ಬಾಲ್ ಬ್ಯಾಟ್‌ಗೋ ಬ್ಯಾಟ್ಸ್‌ಮನ್‌ಗೋ ತಾಗುವವರೆಗೆ, ಇಲ್ಲವೇ ಸ್ಟಂಪ್ ದಾಟುವವರೆಗೆ, ಕೀಪರ್ ಪೂರ್ತಿ ಸ್ಟಂಪ್ ಹಿಂದೆಯೇ ಇರಬೇಕು. ಬ್ಯಾಟ್ಸ್‌ಮನ್ ರನ್‌ಗೆ ಓಡಿದರೆ ಮಾತು ಬೇರೆ. ಗ್ಲೌಸ್ ತುದಿ ಮುಂದೆ ಬಂದರೂ ನೋ ಬಾಲ್. ಅಂಪೈರ್ ಕೈ ಚಾಚಿದರು. ಔಟ್ ಆಗಬೇಕಿದ್ದವನು ಉಳಿದ, ಮ್ಯಾಚ್ ಗೆಲ್ಲಿಸಿದ. ಅಂಪೈರ್ ಸರಿಯಾಗಿಯೇ ನೋಡಿದ್ದರು. ಆ ರಾತ್ರಿ ನಾನು ನಿದ್ದೆ ಮಾಡಲಿಲ್ಲ. ಆದರೂ ಆ ಸೋಲು ನನ್ನನ್ನು ಜಾಸ್ತಿ ದಿನ ಕಾಡಲಿಲ್ಲ. ಕಾಡುವುದು ಗೆದ್ದ ಒಂದು ಮ್ಯಾಚ್.

ಆಗ ನನಗೆ 23 ವರ್ಷ. ಮೀಡಿಯಂ ಪೇಸ್ ಬೌಲರ್, ನಾನು ಹಿಂದೆ ನಿಂತಿದ್ದೆ. ಬ್ಯಾಟ್ಸ್‌ಮನ್ 40ರ ಮೇಲೆ ಆಡುತ್ತಿದ್ದ. ಎಡ್ಜ್ ಬಂತು, ಕೆಳಗೆ, ನನ್ನ ಬಲಕ್ಕೆ. ಹಾರಿದೆ. ಗ್ಲೌಸ್‌ಗೆ ಬಂತು. ಬೌಲರ್ ಕೂಗಿದ, ಸ್ಲಿಪ್‌ನವನು ಕೂಗಿದ, ನಾನೂ ಕೈ ಎತ್ತಿದೆ. ಅಂಪೈರ್ ನನ್ನ ಮುಖ ನೋಡಿದರು. ನಾನು ತಲೆ ಆಡಿಸಿದೆ. ಅವರು ಬೆರಳು ಎತ್ತಿದರು.

ಬಾಲ್ ನೆಲಕ್ಕೆ ಬಿದ್ದಿತ್ತು. ನನಗೆ ಗೊತ್ತಿತ್ತು. ಗಾಳಿಯಲ್ಲೇ ಬಂದ ಬಾಲ್ ಅಂಗೈ ಮೇಲೆ, ಬೆರಳುಗಳ ಬುಡದಲ್ಲಿ ಕೂರುತ್ತದೆ. ನೆಲ ಮುಟ್ಟಿ ಬಂದದ್ದು ಮೊದಲು ಬೆರಳ ತುದಿಗೆ ಬಡಿದು ಆಮೇಲೆ ಒಳಗೆ ಬರುತ್ತದೆ. ಸದ್ದು ಕೂಡ ಬೇರೆ. ಒಂದು ಮಂದ ಸದ್ದು, ಅದರ ಹಿಂದೆ ಇನ್ನೊಂದು. ಕೀಪರ್ ಆದವನಿಗೆ ಇದರಲ್ಲಿ ಅನುಮಾನ ಬರುವುದು ಬಹಳ ಕಡಿಮೆ. ನನಗೆ ಅವತ್ತು ಅನುಮಾನ ಇರಲಿಲ್ಲ.

ಬ್ಯಾಟ್ಸ್‌ಮನ್ ಏನೂ ಹೇಳಲಿಲ್ಲ. "ಸರಿಯಾಗಿ ಹಿಡಿದ್ರಾ?" ಅಂತ ಕೂಡ ಕೇಳಲಿಲ್ಲ. ಬ್ಯಾಟ್ ಕಂಕುಳಲ್ಲಿ ಇಟ್ಟುಕೊಂಡು, ಗ್ಲೌಸ್ ಬಿಚ್ಚುತ್ತಾ ಹೋದ. ನಾವು 9 ರನ್‌ನಿಂದ ಗೆದ್ದೆವು. ಎಲ್ಲರೂ ನನ್ನ ಬೆನ್ನು ತಟ್ಟಿದರು. ಅಣ್ಣ ಮಾತ್ರ ತಟ್ಟಲಿಲ್ಲ. ಅವರು ಬೌಂಡರಿ ಆಚೆ ಕೂತಿದ್ದರು, ಅಷ್ಟು ದೂರದಿಂದ ಅವರಿಗೆ ಕಂಡಿರಲು ಸಾಧ್ಯವಿಲ್ಲ. ಆದರೂ ಆ ಸಂಜೆ ನನಗೆ ಅವರ ಮುಖ ನೋಡಲು ಆಗಲಿಲ್ಲ.

ಆರು ವರ್ಷ ಆದ ಮೇಲೆ ಅದೇ ಬ್ಯಾಟ್ಸ್‌ಮನ್ ಇನ್ನೊಂದು ಮ್ಯಾಚ್‌ನಲ್ಲಿ ಸಿಕ್ಕ. ಮ್ಯಾಚ್ ಮುಗಿದ ಮೇಲೆ ಹೋಗಿ ಹೇಳಿದೆ. "ಅವತ್ತು ನಿಮ್ಮ ಕ್ಯಾಚ್ ನೆಲಕ್ಕೆ ಬಿದ್ದಿತ್ತು. ನಾನು ಸುಳ್ಳು ಹೇಳಿದೆ. ತಪ್ಪಾಯ್ತು." ಅವನು ಸ್ವಲ್ಪ ಹೊತ್ತು ಯೋಚಿಸಿದ. "ಯಾವ ಮ್ಯಾಚ್?" ಅಂದ. ಎಲ್ಲಿ ಆಡಿದ್ದು, ಯಾರು ಬೌಲರ್, ಎಷ್ಟು ರನ್ ಆಗಿತ್ತು, ಎಲ್ಲ ಹೇಳಿದೆ. ಅವನಿಗೆ ನೆನಪಾಗಲೇ ಇಲ್ಲ. ನನ್ನ ಸಮಾಧಾನಕ್ಕೆ "ಪರವಾಗಿಲ್ಲ ಬಿಡಿ" ಅಂದ. ಅವನು ಮರೆತಿದ್ದಾನೆ. ನಾನು ಮರೆತಿಲ್ಲ. ಆ ಬಾಲ್ ಬೆರಳ ತುದಿಗೆ ತಾಗಿದ್ದು ಈಗಲೂ ಗೊತ್ತಾಗುತ್ತದೆ.

ಅಂದಿನಿಂದ ನಾನು ಒಂದು ಅಭ್ಯಾಸ ಮಾಡಿಕೊಂಡೆ. ನೆಲಕ್ಕೆ ಬಿದ್ದಿದ್ದರೆ, ಬೇರೆಯವರು ಕೂಗುವ ಮೊದಲೇ ಅಂಪೈರ್ ಕಡೆ ಕೈ ಆಡಿಸಿ ಇಲ್ಲ ಅನ್ನುತ್ತಿದ್ದೆ. ರನ್ ಔಟ್‌ನಲ್ಲಿ ಬಾಲ್ ಕೈಗೆ ಬರುವ ಮೊದಲೇ ಗ್ಲೌಸ್ ತಾಗಿ ಬೇಲ್ಸ್ ಬಿದ್ದುಹೋಗುವುದುಂಟು. ಆಗ ಬಾಲ್ ಹಿಡಿದ ಕೈಯಿಂದ ಸ್ಟಂಪನ್ನೇ ನೆಲದಿಂದ ಕಿತ್ತರೆ ಮಾತ್ರ ಔಟ್. ಅಂಪೈರ್‌ಗೆ ಇದು ಕಾಣುವುದು ಕಷ್ಟ. ನನಗೆ ಗೊತ್ತಿರುತ್ತಿತ್ತು, ಹೇಳಿಬಿಡುತ್ತಿದ್ದೆ. ನಮ್ಮ ಬೌಲರ್‌ಗಳು ಮೊದಮೊದಲು ಸಿಟ್ಟಾದರು. ಒಬ್ಬ ಎರಡು ವಾರ ಮಾತು ಬಿಟ್ಟ. ಆದರೆ ಒಂದೆರಡು ಸೀಸನ್ ಕಳೆದ ಮೇಲೆ ಬೇರೆಯದೇ ಆಯಿತು. ನಾನು ಅಪೀಲ್ ಮಾಡಿದರೆ ಎದುರು ಟೀಮಿನ ಬ್ಯಾಟ್ಸ್‌ಮನ್‌ಗಳು ಅಂಪೈರ್ ಕಡೆ ನೋಡದೆ ಹೊರಡಲು ಶುರು ಮಾಡಿದರು. 21 ಸೀಸನ್‌ನಲ್ಲಿ ನನಗೆ ಸಿಕ್ಕ ದೊಡ್ಡ ಬಹುಮಾನ ಅದು.

ಇಲ್ಲಿ ಇಂಗ್ಲೆಂಡಿನ ಬಾಬ್ ಟೇಲರ್ ವಿಷಯ ಹೇಳಲೇಬೇಕು. ನನ್ನ ಮನಸ್ಸಿಗೆ ತುಂಬಾ ಹತ್ತಿರದ ಕೀಪರ್. 1980ರ ಫೆಬ್ರವರಿಯಲ್ಲಿ ಬಾಂಬೆಯಲ್ಲಿ ಗೋಲ್ಡನ್ ಜುಬಿಲಿ ಟೆಸ್ಟ್. ಭಾರತದ ಕ್ಯಾಪ್ಟನ್ ಜಿ.ಆರ್. ವಿಶ್ವನಾಥ್. ಇಂಗ್ಲೆಂಡ್ 58 ರನ್‌ಗೆ 5 ವಿಕೆಟ್ ಕಳೆದುಕೊಂಡಿತ್ತು. ಬೋಥಮ್ ಜೊತೆ ಟೇಲರ್ ಆಡುತ್ತಿದ್ದರು. ಬಾಲ್ ಕೀಪರ್ ಕೈಗೆ ಹೋಯಿತು, ಅಪೀಲ್ ಆಯಿತು, ಅಂಪೈರ್ ಔಟ್ ಕೊಟ್ಟರು. ಬ್ಯಾಟ್‌ಗೆ ತಾಗಿಲ್ಲ ಅಂತ ವಿಶ್ವನಾಥ್‌ಗೆ ಅನ್ನಿಸಿತು. ಟೇಲರ್ ಅವರನ್ನು ವಾಪಸ್ ಕರೆಸಿದರು. ಆ ಜೋಡಿ 171 ರನ್ ಸೇರಿಸಿತು. ಟೇಲರ್ 43, ಬೋಥಮ್ 114. ಭಾರತ 10 ವಿಕೆಟ್‌ನಿಂದ ಸೋತಿತು. ಅದೇ ಮ್ಯಾಚ್‌ನಲ್ಲಿ ಟೇಲರ್ ಸ್ಟಂಪ್ ಹಿಂದೆ 10 ಕ್ಯಾಚ್ ಹಿಡಿದರು. ವಿಶ್ವನಾಥ್ ಮಾಡಿದ್ದು ಸರಿಯಾ ಅಂತ ಇವತ್ತಿಗೂ ಕೆಲವರು ವಾದ ಮಾಡುತ್ತಾರೆ. ಮ್ಯಾಚ್ ಸೋತರಲ್ಲ ಅನ್ನುತ್ತಾರೆ. ನಾನು 9 ರನ್‌ನಿಂದ ಗೆದ್ದವನು. ನನ್ನ ಹತ್ತಿರ ಆ ವಾದ ನಡೆಯುವುದಿಲ್ಲ.

ಟೇಲರ್ ಬದುಕಿನಲ್ಲಿ ಕ್ಲಬ್‌ಗಳು ನೋಡಬೇಕಾದ ಇನ್ನೊಂದು ವಿಷಯ ಇದೆ. ಫಸ್ಟ್ ಕ್ಲಾಸ್ ಕ್ರಿಕೆಟ್‌ನಲ್ಲಿ ಅವರು ಔಟ್ ಮಾಡಿದ್ದು 1649 ಜನರನ್ನು. ಅವರಷ್ಟು ಬೇರೆ ಯಾವ ಕೀಪರೂ ಮಾಡಿಲ್ಲ. ಹಾಗಿದ್ದೂ ಆಡಿದ ಟೆಸ್ಟ್ 57 ಮಾತ್ರ. 1971ರಲ್ಲಿ ಮೊದಲ ಟೆಸ್ಟ್, ಎರಡನೆಯದು 1977ರಲ್ಲಿ. ಕಾರಣ ಅಲನ್ ನಾಟ್. ನಾಟ್ ಕೂಡ ಅದ್ಭುತ ಕೀಪರ್, ಜೊತೆಗೆ ಬ್ಯಾಟಿಂಗ್ ಚೆನ್ನಾಗಿತ್ತು. ದೊಡ್ಡ ಮಟ್ಟದಲ್ಲಿ ಆ ಲೆಕ್ಕಾಚಾರ ಇರಲಿ. ಕ್ಲಬ್‌ನಲ್ಲೂ ಯಾಕೆ? 15 ವರ್ಷದ ಮಗು ಚೆನ್ನಾಗಿ ಕೀಪಿಂಗ್ ಮಾಡುತ್ತದೆ, ಬ್ಯಾಟಿಂಗ್ ಸಾಧಾರಣ. ಅದನ್ನು ಹೊರಗೆ ಕೂರಿಸಿ, 30 ರನ್ ಹೊಡೆಯುವ ಇನ್ನೊಬ್ಬನಿಗೆ ಗ್ಲೌಸ್ ತೊಡಿಸುತ್ತೀರಿ. ಅವನು ಒಂದು ಸ್ಟಂಪಿಂಗ್, ಎರಡು ಕ್ಯಾಚ್ ಬಿಡುತ್ತಾನೆ. ಆ 30 ರನ್ ಎಲ್ಲಿ ಹೋಯಿತು? ಕೋಚ್‌ಗಳು ಇಲ್ಲಿದ್ದೀರಿ, ಕೈ ಮುಗಿದು ಕೇಳುತ್ತೇನೆ. ನೆಟ್ಸ್‌ನಲ್ಲಿ ಬ್ಯಾಟ್ಸ್‌ಮನ್‌ಗೆ, ಬೌಲರ್‌ಗೆ ಸಮಯ ಕೊಡುತ್ತೀರಿ. ಕೀಪರ್‌ಗೆ ದಿನಕ್ಕೆ 20 ನಿಮಿಷ ಕೊಡಿ. ಆ ಮಗುವಿನ ಅಳತೆಯ ಗ್ಲೌಸ್, ಎರಡು ಜೊತೆ ಇನ್ನರ್ಸ್ ತೆಗೆಸಿಕೊಡಿ.

ಹೆಲ್ಮೆಟ್ ಕೂಡ. ಸ್ಟಂಪ್ ಪಕ್ಕ ನಿಲ್ಲುವಾಗ ಹೆಲ್ಮೆಟ್ ಇಲ್ಲದೆ ಯಾರನ್ನೂ ನಿಲ್ಲಿಸಬೇಡಿ. ದಕ್ಷಿಣ ಆಫ್ರಿಕಾದ ಕೀಪರ್ ಮಾರ್ಕ್ ಬೌಚರ್ ಟೆಸ್ಟ್‌ನಲ್ಲಿ 555 ಜನರನ್ನು ಔಟ್ ಮಾಡಿದವರು. 2012ರ ಜುಲೈನಲ್ಲಿ ಇಂಗ್ಲೆಂಡಿನ ಟಾಂಟನ್‌ನಲ್ಲಿ ಇಮ್ರಾನ್ ತಾಹಿರ್ ಬಾಲ್‌ಗೆ ಬ್ಯಾಟ್ಸ್‌ಮನ್ ಬೌಲ್ಡ್ ಆದ. ಹಾರಿದ ಬೇಲ್ ಬೌಚರ್ ಎಡಗಣ್ಣಿಗೆ ಬಡಿಯಿತು. ಅಲ್ಲಿಗೆ ಅವರ ಆಟ ಮುಗಿಯಿತು. ಬಾಲ್ ಅಲ್ಲ, ಬೆರಳುದ್ದದ ಮರದ ತುಂಡು. ಬೆರಳಿಗೆ ಪೆಟ್ಟಾದರೂ ಸುಮ್ನೆ ಬಿಡಬೇಡಿ. ನನ್ನ ಕಿರುಬೆರಳು ಮುರಿದಾಗ ಉಳುಕು ಅಂದುಕೊಂಡು 3 ವಾರ ಟೇಪ್ ಸುತ್ತಿ ಆಡಿದೆ. ಎಕ್ಸ್‌ರೇ ತೆಗೆಸುವ ಹೊತ್ತಿಗೆ ಮೂಳೆ ಡೊಂಕಾಗಿಯೇ ಕೂಡಿಕೊಂಡಿತ್ತು.

ಟೇಲರ್ ಬಗ್ಗೆ ಕೊನೆಯದಾಗಿ ಒಂದು. 1986ರ ಜುಲೈ, ಲಾರ್ಡ್ಸ್, ನ್ಯೂಜಿಲೆಂಡ್ ವಿರುದ್ಧ ಟೆಸ್ಟ್. ಇಂಗ್ಲೆಂಡ್ ಕೀಪರ್ ಬ್ರೂಸ್ ಫ್ರೆಂಚ್‌ಗೆ ಬ್ಯಾಟಿಂಗ್ ಮಾಡುವಾಗ ಹ್ಯಾಡ್ಲಿ ಬಾಲ್ ತಲೆಗೆ ಬಡಿದಿತ್ತು. ಟೇಲರ್ ಆಡುವುದನ್ನು ಬಿಟ್ಟು, ಅಲ್ಲಿ ಅತಿಥಿಗಳ ಟೆಂಟ್‌ನಲ್ಲಿದ್ದರು. ಆಗ ಅವರಿಗೆ 45 ವರ್ಷ. ನ್ಯೂಜಿಲೆಂಡ್ ಕ್ಯಾಪ್ಟನ್ ಜೆರೆಮಿ ಕೋನಿ ಒಪ್ಪಿದರು. ಟೇಲರ್ ಟೆಂಟ್‌ನಿಂದ ಎದ್ದು ಬಂದು ಪ್ಯಾಡ್ ಕಟ್ಟಿ ಕೀಪಿಂಗ್ ಮಾಡಿದರು. ನಾನು ಆಟ ಬಿಟ್ಟ ಮೇಲೆ ಈ ಸಂಗತಿಯನ್ನು ಎಷ್ಟು ಸಲ ನೆನೆಸಿಕೊಂಡಿದ್ದೇನೋ ಲೆಕ್ಕ ಇಲ್ಲ. ಯಾರಾದರೂ ಕರೆದರೆ ಈಗಲೂ ಕೂರಬಲ್ಲೆನಾ ಅಂತ ಮನೆಯಲ್ಲಿ ಒಬ್ಬನೇ ಇದ್ದಾಗ ಕೂತು ನೋಡುತ್ತೇನೆ. ಮಂಡಿ ನೋಯುತ್ತದೆ, ಆದರೆ ಕೂರುತ್ತೇನೆ.

ಮಾತು ಮುಗಿದ ಮೇಲೆ ಪ್ರಶ್ನೆ ಕೇಳಿದರು. ಹೆಚ್ಚಿನವು ಗ್ಲೌಸ್ ಬಗ್ಗೆ. ಹಿಂದಿನ ಸಾಲಿನಲ್ಲಿದ್ದ ಒಬ್ಬ ಹುಡುಗಿ, 13 ವರ್ಷ ಇರಬಹುದು, ಎದ್ದು ನಿಂತು ಕೇಳಿದಳು. "ಸರ್, ಲೆಗ್ ಸೈಡ್‌ಗೆ ಬಾಲ್ ಹೋದ್ರೆ ನಂಗೆ ಕಾಣ್ಸೋದೇ ಇಲ್ಲ. ಏನ್ ಮಾಡ್ಲಿ?"

ಮಾತಿನಲ್ಲಿ ಹೇಳಿದರೆ ಅದು ಬರುವುದಿಲ್ಲ. ಗ್ಲೌಸ್ ತಂದಿದ್ದೀಯಾ ಅಂತ ಕೇಳಿದೆ. ತಂದಿದ್ದಳು. ಎಲ್ಲರೂ ಮೈದಾನಕ್ಕೆ ಹೋದೆವು. ಒಬ್ಬ ಹುಡುಗನನ್ನು ಬ್ಯಾಟ್ಸ್‌ಮನ್ ಹಾಗೆ ನಿಲ್ಲಿಸಿ, ಬ್ಯಾಟ್ ಬೀಸು, ಆದರೆ ತಾಗಿಸಬೇಡ ಅಂದೆ. ನಾನು ಅವನ ಪ್ಯಾಡ್ ಪಕ್ಕಕ್ಕೆ ಬಾಲ್ ಎಸೆಯುತ್ತಾ ಹೋದೆ. ಮೊದಲ ನಾಲ್ಕು ಅವಳನ್ನು ದಾಟಿ ಹೋದವು. ಪ್ರತಿ ಸಲ ಬಾಲ್ ಹುಡುಕುತ್ತಾ ಕತ್ತು ಬಗ್ಗಿಸುತ್ತಿದ್ದಳು. "ಹುಡುಕ್ಬೇಡಮ್ಮ," ಅಂದೆ. "ಮೊದಲು ಎಡಗಾಲು ಹೋಗ್ಲಿ. ಬಾಲ್ ಅಲ್ಲಿಗೇ ಬರುತ್ತೆ." ಐದನೆಯದೂ ಹೋಯಿತು. ಆರನೆಯದಕ್ಕೆ ಕಾಲು ಸರಿಯಿತು, ಬಾಲ್ ಗ್ಲೌಸ್ ಅಂಚಿಗೆ ತಾಗಿ ಬಿತ್ತು. ಅವಳು ಅದನ್ನು ಎತ್ತಿ ನನಗೆ ವಾಪಸ್ ಎಸೆದು, ಏನೂ ಹೇಳದೆ ಮತ್ತೆ ಕೂತಳು.